ಪಾಳು ಮಂಟಪದಲ್ಲಿ ಭಾಮಿನಿ ಷಟ್ಪದಿ: ಸಾಲಿಗೊಂದು ಫೋಟೊ ತೆಗೆಯೋದು ಹೇಗೆ?

ಬಯಲುದನಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರಿನ ಬಗ್ಗೆ ನಮ್ಮ ತಂಡದವರೇ ಬರೆದ ಆರು ಭಾಮಿನಿ ಷಟ್ಪದಿಗಳಿವೆ (ಒಂದೊಂದೂ ಆರು ಸಾಲಿನ ಪದ್ಯ). ಪಾಳುಬಿದ್ದ ಒಂದು ಕಟ್ಟಡದಲ್ಲಿ ಗಮಕಿ (ಪದ್ಯವನ್ನ ರಾಗದಲ್ಲಿ ಓದೋರು) ವಾಚನ ಮಾಡ್ತಿರುವಾಗಲೇ ಒಬ್ಬರು ಅಭಿನಯಿಸಬೇಕು, ಒಬ್ಬರು ಫೋಟೊ ತೆಗೀಬೇಕು. ಪ್ರೇಕ್ಷಕರಿಲ್ಲ, ಕೊನೆಗೆ ಉಳಿಯೋದು ಫೋಟೊ ಮಾತ್ರ. ನವೆಂಬರ್ ಕೊನೆಯ ವಾರಕ್ಕೆ ಇಟ್ಕೊಂಡಿದ್ದೀವಿ. ಜಾಗ ಇನ್ನೂ ಗಟ್ಟಿಯಾಗಿಲ್ಲ. ಮೇಲುಕೋಟೆ ರಾಯಗೋಪುರ, ಶ್ರೀರಂಗಪಟ್ಟಣದ ಕೋಟೆ ಗೋಡೆ, ಇಲ್ಲಾಂದ್ರೆ ಪಾಂಡವಪುರ ತಾಲ್ಲೂಕಿನಲ್ಲಿ ಗದ್ದೆ ಬದಿಯ ಒಂದು ಮಂಟಪ. ಮೂರನೇದಕ್ಕೆ ಬೋರ್ಡೂ ಇಲ್ಲ, ಬೇಲಿಯೂ ಇಲ್ಲ.

ಸಾಮಾನು: ಟ್ರೈಪಾಡ್, 24–70 ಲೆನ್ಸ್, ಎನ್‌ಡಿ 64 ಫಿಲ್ಟರ್ (ಬೆಳಕನ್ನ 64ರಲ್ಲಿ ಒಂದು ಪಾಲಿಗೆ ಇಳಿಸೋ ಕಪ್ಪು ಗಾಜು), ಎರಡು ಸಣ್ಣ ಎಲ್‌ಇಡಿ ದೀಪ, ಐದು ಮೀಟರ್ ಬಿಳಿ ಬಟ್ಟೆ. ಅರಿಶಿನ ಪುಡಿ ಎರಚೋದು, 30 ಹಣತೆ ಹಚ್ಚೋದು, ಸ್ವಲ್ಪ ಹೊಗೆ ಬಿಡೋದು ಅಂತಲೂ ಯೋಚನೆ ಇದೆ. ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕು ಬೇಕು. ಆದರೆ ಪ್ರಯೋಗಕ್ಕೆ ತೆಗೆದ ಚಿತ್ರಗಳೆಲ್ಲ ಮದುವೆ ಮುಂಚಿನ ಫೋಟೊಶೂಟ್ ಥರ ಕಾಣ್ತಿವೆ, ಪದ್ಯ ಎಲ್ಲೂ ಕಾಣ್ತಿಲ್ಲ. ಎಲ್ಲಿ ತಪ್ಪಾಗ್ತಿದೆ? ಅನುಮತಿ ಯಾರ ಹತ್ರ ಕೇಳಬೇಕು?

ಗಾರೆಗಚ್ಚು

ಮಿಕ್ಕಿದ್ದು ಆಮೇಲೆ. ಮೊದಲು ಅರಿಶಿನ, ಹಣತೆ ಎರಡನ್ನೂ ಪಟ್ಟಿಯಿಂದ ತೆಗೆದುಹಾಕಿ.

ಅರಿಶಿನದ ಬಣ್ಣ ಕಲ್ಲಿನ ಸಣ್ಣ ರಂಧ್ರಕ್ಕೆ, ಗಾರೆಗೆ ಇಳಿದರೆ ಒರೆಸಿ ತೆಗೆಯೋಕೆ ಆಗಲ್ಲ. ನೀರು ಹಾಕಿ ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತೆ. ಸುಣ್ಣದ ಗಾರೆ ಮೇಲೆ ಬಿದ್ದು ತೇವ ಸೇರಿತೋ, ಕೆಂಪಗೆ ತಿರುಗುತ್ತೆ. ಓಕುಳಿ ಕಲಸುವಾಗ ಅರಿಶಿನಕ್ಕೆ ಸುಣ್ಣ ಹಾಕಿದಾಗ ಆಗುತ್ತಲ್ಲ, ಅದೇ.

ಹಣತೆ ಎಣ್ಣೆ ಇನ್ನೂ ಕೆಟ್ಟದ್ದು. ಹೊಯ್ಸಳರ ಕಾಲದ ಬಳಪದ ಕಲ್ಲು ಎಣ್ಣೆ ಕುಡಿದು ಕಪ್ಪಾಗುತ್ತೆ, ಆ ಜಿಡ್ಡಿಗೆ ಧೂಳು ಅಂಟುತ್ತೆ, ಮಸಿ ಕೂರುತ್ತೆ. ಮೇಣದ ಬತ್ತಿಯೂ ಅಷ್ಟೇ, ಕೆರೆದು ತೆಗೆಯುವಾಗ ಕಲ್ಲಿನ ಮೇಲ್ಪದರವೇ ಬರುತ್ತೆ. ಅಕ್ಕಿ ಹಿಟ್ಟು ಆಗಬಹುದಲ್ವಾ ಅಂತ ಕೇಳಬೇಡಿ. ಇರುವೆ ಬರುತ್ತೆ, ಒಂದು ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತೆ.

ಸುಣ್ಣದಕಲ್ಲು

@ಗಾರೆಗಚ್ಚು ಒಂದು ತಿದ್ದುಪಡಿ. ಇನ್ನೂರು ವರ್ಷದ ಹಳೆ ಗಾರೆ ಗಾಳಿ ಕುಡಿದು ಕುಡಿದು ಕ್ಷಾರಗುಣ ಕಳಕೊಂಡಿರುತ್ತೆ, ಅಲ್ಲಿ ಅರಿಶಿನ ಅಷ್ಟು ಸುಲಭಕ್ಕೆ ಕೆಂಪಾಗಲ್ಲ. ಕೆಂಪಾಗೋದು ಇತ್ತೀಚೆಗೆ ಹೊಸ ಸುಣ್ಣ ಹಾಕಿ ದುರಸ್ತಿ ಮಾಡಿದ ತೇಪೆಗಳಲ್ಲಿ. ಹಳದಿ ಕಲೆ ಮಾತ್ರ ಎರಡರಲ್ಲೂ ಗ್ಯಾರಂಟಿ.

ಗಾರೆಗಚ್ಚು

ಸರಿ, ಒಪ್ಪಿದೆ. ಶ್ರೀರಂಗಪಟ್ಟಣದಲ್ಲಿ ಅಂಥ ತೇಪೆ ಬೇಕಾದಷ್ಟಿವೆ, ಅದಕ್ಕೇ ಹೇಳಿದ್ದು.

ಜೇನ್ಬಂಡೆ (ಪಾಂಡವಪುರ)

ಹೊಗೆ ಅಂತೂ ಬ್ಯಾಡವೇ ಬ್ಯಾಡ ಕಣಣ್ಣ. ಎತ್ತರದ ಗೋಪುರ, ಬಂಡೆ, ಕಮಾನು ಕಂಡ್ರೆ ಹೆಜ್ಜೇನು ಕಟ್ತವೆ. ಸಾಮಾನು ಇಳ್ಸೋಕೆ ಮುಂಚೆ ತಲೆ ಎತ್ತಿ ನೋಡಿ, ಕ್ಯಾಮೆರಾ ಜೂಮ್ ಮಾಡಿ ಸೂರಡಿ, ತೊಲೆ ಸಂದಿ ಎಲ್ಲಾ ನೋಡಿ. ಅರ್ಧ ಚಂದ್ರದಂಗೆ ಕಪ್ಪಗೆ ಜೋತಾಡ್ತಿದ್ರೆ ಅದೇ. ಅದ್ರ ಮೇಲೆ ಅಲೆ ಅಲೆಯಾಗಿ ಮಿಂಚು ಹೊಡ್ದಂಗೆ ಕಂಡ್ರೆ ಅವಕ್ಕೆ ಆಗ್ಲೇ ಅನುಮಾನ ಬಂದದೆ ಅಂತ ಅರ್ಥ, ಸದ್ದಿಲ್ದೆ ಹಿಂದಕ್ಕೆ ಬಂದ್ಬುಡಿ. ಹೊಗೆ, ಸೆಂಟು, ಫ್ಲಾಶು, ಡ್ರೋನ್ ಸದ್ದು, ಯಾವ್ದೂ ಆಗಕಿಲ್ಲ.

ಎದ್ರೆ ಮುಖಕ್ಕೆ ಬಟ್ಟೆ ಸುತ್ಕೊಂಡು ನೆಟ್ಟಗೆ ಓಡಿ, ಬಾಗ್ಲು ಹಾಕಿರೋ ಕಾರೋ ಮನೆಯೋ ಸೇರ್ಕೊಳಿ. ಕೊಳಕ್ಕೆ ಧುಮುಕ್ಬ್ಯಾಡಿ, ಮೇಲೇಳೋತನಕ ಕಾಯ್ತವೆ. ಕೈ ಬೀಸಿ ಸಾಯ್ಸಕ್ಕೆ ಹೋಗ್ಬ್ಯಾಡಿ, ಒಂದು ಜಜ್ಜಿದ್ರೆ ಆ ವಾಸ್ನೆಗೆ ಇನ್ನಷ್ಟು ಬತ್ತವೆ. ಮುಳ್ಳನ್ನ ತಡ ಮಾಡ್ದೆ ಉಗುರಲ್ಲಿ ಕೆರ್ದು ತೆಗೀಬೇಕು, ಅಲ್ಲೇ ಬುಟ್ರೆ ವಿಷ ಇಳೀತಾನೇ ಇರ್ತದೆ. ಉಸುರು ಕಟ್ಟಿದ್ರೆ, ಮುಖ ಊದಿದ್ರೆ ಒಂದ್ ನಿಮಿಷ ಕಾಯ್ದೆ 108ಕ್ಕೆ ಫೋನ್ ಮಾಡಿ.

ಪಹಣಿಪುಟ

ಅನುಮತಿ ವಿಷಯ. "ಪಾಳು" ಅಂತ ನಾವು ಕರೆದ ಮಾತ್ರಕ್ಕೆ ಅದಕ್ಕೆ ಯಜಮಾನರಿಲ್ಲ ಅಂತಲ್ಲ. ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇರಬಹುದು, ರಾಜ್ಯದ ಪುರಾತತ್ವ ಇಲಾಖೆ ಇರಬಹುದು, ಮುಜರಾಯಿ, ಅರಣ್ಯ, ಕಂದಾಯ, ಇಲ್ಲಾ ಯಾರದೋ ಸ್ವಂತ ಜಮೀನಿನೊಳಗೆ ಬಂದಿರಬಹುದು.

ಶ್ರೀರಂಗಪಟ್ಟಣದ ರಕ್ಷಿತ ಸ್ಮಾರಕಗಳು ಸರ್ವೇಕ್ಷಣದ ಬೆಂಗಳೂರು ವೃತ್ತಕ್ಕೆ ಸೇರಿದ್ದು. ಅಲ್ಲಿ ಸುಮ್ಮನೆ ಫೋಟೊ ತೆಗೆಯೋದು ಬೇರೆ, ಅಭಿನಯ ಮಾಡೋದು ಬೇರೆ. ಪ್ರಾಚೀನ ಸ್ಮಾರಕಗಳ 1959ರ ನಿಯಮಗಳ ಪ್ರಕಾರ ರಕ್ಷಿತ ಸ್ಮಾರಕದಲ್ಲಿ ಸಭೆ, ಔತಣ, ಮನರಂಜನೆ ಯಾವುದಕ್ಕೂ ಲಿಖಿತ ಅನುಮತಿ ಬೇಕು. ನಿಮ್ಮದು ಮನರಂಜನೆ ಅಲ್ಲ ಅಂತ ನೀವು ವಾದಿಸಬಹುದು, ಗೇಟಿನಲ್ಲಿ ನಿಂತಿರೋ ಕಾವಲುಗಾರನ ಜೊತೆ ಆ ವಾದ ಬೇಡ. ಅವನ ಕೆಲಸಕ್ಕೆ ಕುತ್ತು ಬರುತ್ತೆ. ಸ್ಮಾರಕಕ್ಕೆ ಹಾನಿ ಮಾಡಿದರೆ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದಮೇಲೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅರಿಶಿನದ ಕಲೆಯನ್ನ ಅವರು ಹಾನಿ ಅಂತ ಬರೆದರೆ ನೀವು ಏನೂ ಹೇಳೋ ಹಾಗಿಲ್ಲ.

ಗದ್ದೆ ಬದಿ ಮಂಟಪಕ್ಕೆ: ಅಲ್ಲಿ ನಿಂತು "ದಿಶಾಂಕ್" ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತೆ. ಆ ನಂಬರ್ ಹಾಕಿ ಸರ್ಕಾರದ ಭೂದಾಖಲೆ ಜಾಲತಾಣ "ಭೂಮಿ"ಯಲ್ಲಿ ಪಹಣಿ ನೋಡಿ, 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಅವರನ್ನ ಕೇಳಿ. ಸರ್ಕಾರ ಅಂತಿದ್ದರೆ ತಾಲ್ಲೂಕು ಕಚೇರಿ. ರಾಜ್ಯದ ರಕ್ಷಿತ ಪಟ್ಟಿಯಲ್ಲಿ ಇದೆಯಾ ಅನ್ನೋದನ್ನ ಮೈಸೂರಿನಲ್ಲೇ ಇರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಲ್ಲಿ ವಿಚಾರಿಸಬಹುದು. ಅರ್ಜಿಯಲ್ಲಿ ದಿನಾಂಕ, ಹೊತ್ತು, ಎಷ್ಟು ಜನ, ಯಾವ ಯಾವ ಸಾಮಾನು, ಪದ್ಯದ ಪೂರ್ತಿ ಪಠ್ಯ ಎಲ್ಲ ಇರಲಿ. "ಬೆಂಕಿ, ಬಣ್ಣ, ಹೊಗೆ, ಮೊಳೆ, ಅಂಟು ಬಳಸುವುದಿಲ್ಲ" ಅಂತ ಒಂದು ಸಾಲು ನೀವೇ ಸೇರಿಸಿ. ಆ ಒಂದು ಸಾಲಿನಿಂದ ಅರ್ಧ ಅನುಮಾನ ಹೋಗುತ್ತೆ.

ಊರುಬಾಗಿಲು (ಮಂಡ್ಯ)

ಪಹಣಿ ನೋಡೋದು ಸರಿ, ಊರವರನ್ನ ಕೇಳೋದೂ ಅಷ್ಟೇ ಮುಖ್ಯ. ಬೋರ್ಡಿಲ್ಲದ ಮಂಟಪದಲ್ಲೂ ಅಮಾವಾಸ್ಯೆಗೋ ಹಬ್ಬಕ್ಕೋ ದೀಪ ಇಡೋ ಮನೆ ಒಂದಿರ್ತದೆ. ಯಜಮಾನರನ್ನ ಹಿಂದಿನ ದಿನವೇ ನೋಡಿ, ಏನು ಮಾಡ್ತೀವಿ ಅಂತ ಬಾಯಲ್ಲಿ ಹೇಳಿ, ಆಗೋದಾದ್ರೆ ಪದ್ಯ ಓದಿ ತೋರ್ಸಿ. ಸುತ್ತ ವೀರಗಲ್ಲು, ಮಾಸ್ತಿಕಲ್ಲು ಬಿದ್ದಿದ್ರೆ ಅದ್ರ ಮೇಲೆ ಕೂರೋದು, ಕ್ಯಾಮೆರಾ ಬ್ಯಾಗ್ ಇಡೋದು ಮಾಡ್ಬೇಡಿ. ಲಿಂಗವೋ ಪಾದವೋ ಇದ್ರೆ ಚಪ್ಪಲಿ ಹೊರಗೆ.

ಕಲಾಕೂಟ

ಇವೆಲ್ಲ ಸರಿ, ಅಸಲು ಪ್ರಶ್ನೆಗೆ ಬರೋಣ. ಯಾಕೆ ಫೋಟೊಶೂಟ್ ಥರ ಕಾಣ್ತಿದೆ? ಪದ್ಯದಲ್ಲಿ ನೀರು ಅಂದಲ್ಲಿ ನೀವು ನೀರು ತೋರಿಸ್ತಿದ್ದೀರಿ, ದೀಪ ಅಂದಲ್ಲಿ ಹಣತೆ. ವಾಚ್ಯಾರ್ಥವನ್ನೇ ಚಿತ್ರ ಮತ್ತೆ ಹೇಳಿದರೆ ಧ್ವನಿಗೆ, ಅಂದರೆ ಹೇಳದೆ ಹೊಳೆಯೋ ಅರ್ಥಕ್ಕೆ, ಜಾಗ ಎಲ್ಲಿ? ಪದ್ಯ ಹೇಳಿದ್ದನ್ನ ಚಿತ್ರ ಹೇಳಬಾರದು. ಮುಳುಗಿದ ಊರಿನ ಪದ್ಯಕ್ಕೆ ಒಣಗಿದ ಕಲ್ಲು, ಮೇಲಕ್ಕೆ ನೋಡೋ ಕತ್ತು, ಉಸಿರು ಹಿಡಿದ ಎದೆ ಸಾಕು. ನೀರು ತಲೆ ಮೇಲಿದೆ ಅಂತ ನೋಡುವವರಿಗೆ ತಾನಾಗಿ ಗೊತ್ತಾಗುತ್ತೆ.

1973ರಲ್ಲಿ ಕಲಾವಿದೆ ಅನಾ ಮೆಂಡಿಯೆಟಾ ಮೆಕ್ಸಿಕೋದ ಯಾಗುಲ್ ಅನ್ನೋ ಪಾಳು ನೆಲೆಯಲ್ಲಿ, ತೆರೆದ ಹಳೆ ಗೋರಿಯೊಳಗೆ ಮಲಗಿ ಮೈತುಂಬ ಬಿಳಿ ಹೂ ಹೊದ್ದು ಫೋಟೊ ತೆಗೆಸಿದರು. ಹೂ ಬೆಳೀತಿರೋದು ಮೈಯಿಂದಲೇ ಅನ್ನಿಸುತ್ತೆ. ಸಾಮಾನು ಅಂದರೆ ಹೂ ಮತ್ತು ಮೈ, ಮೂರನೇದು ಇಲ್ಲ. ನಿಮ್ಮಲ್ಲಿ ಬಟ್ಟೆ, ಪುಡಿ, ಹಣತೆ, ಹೊಗೆ, ಎಲ್‌ಇಡಿ ಐದಿವೆ. ಒಂದನ್ನ ಉಳಿಸಿಕೊಳ್ಳಿ.

ರಂಗಮಂಚ4

ನಾನು ಒಪ್ಪಲ್ಲ. ಗಮಕದಲ್ಲಿ ಅರ್ಥ ಬಿಡಿಸಿ ಹೇಳೋದೇ ಪದ್ಧತಿ, ವ್ಯಾಖ್ಯಾನ ಅಂತ ಬೇರೆಯೇ ಮಾಡ್ತೀವಿ. ಭರತನಾಟ್ಯದಲ್ಲಿ ನದಿ ಅಂದರೆ ಕೈಯಲ್ಲಿ ನದಿ ಬರುತ್ತೆ, ಅದನ್ನ ಯಾರೂ ಕೀಳು ಅನ್ನಲ್ಲ. ಪದಕ್ಕೆ ಪದ ಅಭಿನಯಿಸೋದು ತಪ್ಪಲ್ಲ, ಕೆಟ್ಟದಾಗಿ ಅಭಿನಯಿಸೋದು ತಪ್ಪು.

ಕಲಾಕೂಟ

@ರಂಗಮಂಚ4 ನೃತ್ಯದಲ್ಲಿ ಆ ನದಿ ಬಂದು ಹೋಗುತ್ತೆ, ಮುಂದಿನ ಕ್ಷಣ ಬೇರೆ ಹಸ್ತ. ಫೋಟೊದಲ್ಲಿ ಆ ಒಂದೇ ಹಸ್ತ ಗೋಡೆ ಮೇಲೆ ವರ್ಷಗಟ್ಟಲೆ ನಿಂತಿರುತ್ತೆ. ಚಲನೆಯಲ್ಲಿ ಚೆನ್ನಾಗಿರೋದು ನಿಂತಾಗ ಬೋರ್ಡು ಬರೆದ ಹಾಗಾಗುತ್ತೆ. ವ್ಯತ್ಯಾಸ ಅಲ್ಲಿದೆ.

ರಂಗಮಂಚ4

ಹಾಗಾದರೆ ಚಲನೆಯನ್ನೇ ಫೋಟೊದೊಳಕ್ಕೆ ತನ್ನಿ.

ಎಫ್‌ಎಂಟು

ಅದಕ್ಕೇ ಇವರ ಹತ್ರ ಎನ್‌ಡಿ 64 ಇದೆ, ಇದನ್ನ ಸರಿಯಾಗಿ ಬಳಸಿಲ್ಲ ಅಂತ ಕಾಣುತ್ತೆ. ಭಾಮಿನಿಯ ಲೆಕ್ಕವನ್ನೇ ಶಟರ್ ಲೆಕ್ಕ ಮಾಡಬಹುದು. 1, 2, 4, 5ನೇ ಸಾಲು 3+4+3+4, ಅಂದರೆ 14 ಮಾತ್ರೆ (ಒಂದು ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳೋ ಹೊತ್ತು). 3 ಮತ್ತು 6ನೇ ಸಾಲು 3+4+3+4+3+4, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಒಂದು ಮಾತ್ರೆಗೆ ಕಾಲು ಸೆಕೆಂಡ್ ಹಿಡಿದರೆ ಚಿಕ್ಕ ಸಾಲು ಮೂರೂವರೆ ಸೆಕೆಂಡ್, ದೊಡ್ಡದು ಸುಮಾರು ಆರು. ಒಂದು ಸಾಲು ಶುರುವಾದಾಗ ಶಟರ್ ತೆರೆಯುತ್ತೆ, ಮುಗಿದಾಗ ಮುಚ್ಚುತ್ತೆ. ಸಾಲಿನ ಉದ್ದವೇ ಚಿತ್ರದ ಉದ್ದ.

ಐಎಸ್‌ಒ 100, ಎಫ್/8ರಲ್ಲಿ (ಐಎಸ್‌ಒ ಅಂದರೆ ಸೆನ್ಸರಿನ ಸೂಕ್ಷ್ಮತೆ, ಎಫ್ ಅಂದರೆ ಲೆನ್ಸಿನ ಕಿಂಡಿ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಫಿಲ್ಟರ್ ಇಲ್ಲದೆ ಮೀಟರ್ 1/15 ಸೆಕೆಂಡ್ ತೋರಿಸಿದರೆ, ಎನ್‌ಡಿ 64 ಹಾಕಿದಾಗ 64 ಪಟ್ಟು, ಅಂದರೆ 4 ಸೆಕೆಂಡ್ ಚಿಲ್ಲರೆ. ಮಂಟಪದ ನೆರಳಿನಲ್ಲಿ ಸಂಜೆ ಈ ಬೆಳಕು ಸಿಗುತ್ತೆ. ಬಯಲಲ್ಲಿ 1/125 ಇದ್ದರೆ ಎನ್‌ಡಿ 64 ಅರ್ಧ ಸೆಕೆಂಡಷ್ಟೇ ಕೊಡೋದು, ಅಲ್ಲಿ ಎನ್‌ಡಿ 1000 ಬೇಕು, ಅದು 8 ಸೆಕೆಂಡ್ ಕೊಡುತ್ತೆ.

ಗಮಕಗಂಧ

ಲೆಕ್ಕ ಚೆನ್ನಾಗಿದೆ, ಆದರೆ ಗಮಕಕ್ಕೆ ನಡೆಯಲ್ಲ. ಮಾತ್ರೆಗೆ ಕಾಲು ಸೆಕೆಂಡ್ ಅನ್ನೋದು ಬರೀ ಓದು. ರಾಗ ಹಿಡಿದು ಓದುವಾಗ ಅದರ ಎರಡರಷ್ಟು ಹೊತ್ತು ಹಿಡಿಯುತ್ತೆ, ಸಾಲಿಂದ ಸಾಲಿಗೆ ಒಂದೇ ಸಮ ಇರೋದೂ ಇಲ್ಲ. ಭಾವ ಇರೋ ಪದದ ಮೇಲೆ ಗಮಕಿ ನಿಲ್ಲಬಹುದು. ಅವರನ್ನ ಗಡಿಯಾರಕ್ಕೆ ಕಟ್ಟಿ ಹಾಕಿದರೆ ಪದ್ಯ ಸಾಯುತ್ತೆ.

ಬಲ್ಬ್ ಮೋಡ್‌ಗೆ ಹಾಕಿ, ರಿಮೋಟ್ ಕೈಯಲ್ಲಿ ಹಿಡಿದು, ಸಾಲು ಎತ್ತಿದಾಗ ಒತ್ತಿ, ಇಳಿಸಿದಾಗ ಬಿಡಿ. ಫೋಟೊ ತೆಗೆಯೋರು ಪದ್ಯ ಬಾಯಿಪಾಠ ಮಾಡಿರಬೇಕು. ಅದಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು ಅಂತ ನನ್ನ ಅಭಿಪ್ರಾಯ.

ಎಫ್‌ಎಂಟು

ಸರಿಯಾದ ಮಾತು, ಬಲ್ಬ್ ಮೋಡೇ ಸರಿ. ಹಾಗಾದರೆ ಚಿಕ್ಕ ಸಾಲಿಗೆ 8 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅದೇ ಬೆಳಕಲ್ಲಿ ಎಫ್/8 ಬದಲು ಎಫ್/11. ಗಮಕಿ 7ಕ್ಕೆ ಮುಗಿಸಿದರೂ 9ಕ್ಕೆ ಮುಗಿಸಿದರೂ ವ್ಯತ್ಯಾಸ ಕಾಲು ಸ್ಟಾಪಿಗಿಂತ ಕಮ್ಮಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಇಲ್ಲಾ ಅರ್ಧ). ರಾ ಫೈಲಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಸರಿಮಾಡಬಹುದು. ದೊಡ್ಡ ಸಾಲು 13 ಸೆಕೆಂಡ್ ಹತ್ತಿರ ಹೋಗುತ್ತೆ, ಅದಕ್ಕೆ ಮೂರನೇ ಎರಡು ಸ್ಟಾಪ್ ಮುಚ್ಚಿ, ಎಫ್/14. ಷಟ್ಪದಿಗೆ ಎರಡು ಸಲ ಮಾತ್ರ ಡಯಲ್ ಎರಡು ಕ್ಲಿಕ್ ತಿರುಗಿಸಿ, ಮತ್ತೆ ವಾಪಸ್ ತರಬೇಕು.

ಇನ್ನೊಂದು. ಕ್ಯಾಮೆರಾದಲ್ಲಿ "ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್" ಆಫ್ ಮಾಡಿ. ಆನ್ ಇದ್ದರೆ 8 ಸೆಕೆಂಡ್ ತೆಗೆದ ಮೇಲೆ ಇನ್ನೊಂದು 8 ಸೆಕೆಂಡ್ ಕಪ್ಪು ಚಿತ್ರ ತೆಗೆದುಕೊಳ್ಳುತ್ತೆ, ಮುಂದಿನ ಸಾಲು ಪೂರ್ತಿ ತಪ್ಪಿಹೋಗುತ್ತೆ. ಫೋಕಸ್ ಫಿಲ್ಟರ್ ಹಾಕೋ ಮುಂಚೆ ಹಿಡಿದು ಮ್ಯಾನುಯಲ್‌ಗೆ ಬದಲಾಯಿಸಿ. ಆಪ್ಟಿಕಲ್ ವ್ಯೂಫೈಂಡರ್ ಇದ್ದರೆ ಅದರ ಕಣ್ಣು ಮುಚ್ಚಿ, ಹಿಂದಿನಿಂದ ಬೆಳಕು ಸೋರಿದರೆ ಚಿತ್ರದ ಮೇಲೆ ಮಬ್ಬು ಪಟ್ಟೆ ಬರುತ್ತೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ, 5200 ಕೆಲ್ವಿನ್‌ಗೆ ಇಟ್ಟು ಮರೆತುಬಿಡಿ. ಆಟೋ ಇದ್ದರೆ 36 ಚಿತ್ರ 36 ಬಣ್ಣ ಆಗುತ್ತೆ.

ಪಹಣಿಪುಟ

ನೀಲಿ ಬೆಳಕಿನ ಆಸೆ ಶ್ರೀರಂಗಪಟ್ಟಣದಲ್ಲಿ ಬಿಡಬೇಕಾಗುತ್ತೆ. ರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ. ನವೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಮುಳುಗೋದು ಸುಮಾರು 5:50ಕ್ಕೆ. ಅದಾದಮೇಲೆ ಒಳಗೆ ಇರೋ ಹಾಗಿಲ್ಲ.

ಎಫ್‌ಎಂಟು

ಇದ್ದರೂ ಪ್ರಯೋಜನ ಕಡಿಮೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತೆ, ನೀಲಿ ಬೆಳಕು ಇಪ್ಪತ್ತು ನಿಮಿಷ ಚಿಲ್ಲರೆ, ಅದೂ ನಿಮಿಷ ನಿಮಿಷಕ್ಕೆ ಬೀಳುತ್ತಾ ಹೋಗುತ್ತೆ. ಆರು ಷಟ್ಪದಿ ಒಂದೇ ಬೆಳಕಲ್ಲಿ ಬರಲ್ಲ. 4:45ಕ್ಕೆ ನೆರಳಲ್ಲಿ ಶುರು ಮಾಡಿ. ಆ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕಲ್ಲ, ಅದಕ್ಕಿಂತ ಸುಮಾರು 20 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತೆ. ಕಂಬದ ನೆರಳು ಯಾವ ಕಡೆ ಬೀಳುತ್ತೆ ಅಂತ ಹಿಂದಿನ ವಾರ ಅದೇ ಹೊತ್ತಿಗೆ ಹೋಗಿ ನೋಡಿಕೊಂಡು ಬನ್ನಿ.

ನೆರಳಿಲ್ಲದದಿನ

ನವೆಂಬರ್ ಅಂತ ಯಾಕೆ ಹಟ? ಮೇಲುಕೋಟೆಯ ಕೊಳದಂಥ ಕಡೆ ಏಪ್ರಿಲ್ 22ರ ಸುಮಾರಿಗೆ, ಮತ್ತೆ ಆಗಸ್ಟ್ 20ರ ಸುಮಾರಿಗೆ, ಸೂರ್ಯ ನೆತ್ತಿ ಮೇಲೇ ಬರ್ತಾನೆ. ಮಧ್ಯಾಹ್ನ 12:20–12:27ರ ಹೊತ್ತಿಗೆ ಮೈಯ ನೆರಳು ಕಾಲಡಿಗೆ ಸೇರಿಹೋಗುತ್ತೆ. ನೆರಳೇ ಇಲ್ಲದ ಮನುಷ್ಯ, ಮುಳುಗಿದ ಊರಿನ ಪದ್ಯ. ಯೋಚನೆ ಮಾಡಿ.

ಬಯಲುದನಿ (ಮೈಸೂರು)

@ನೆರಳಿಲ್ಲದದಿನ ಇದು ಹೊಳೆದಿರಲಿಲ್ಲ, ಎರಡನೇ ಸರಣಿಗೆ ಇಟ್ಕೋತೀನಿ. ನವೆಂಬರ್ ಯಾಕಂದ್ರೆ ಗಮಕಿಗಳಿಗೆ ಬಿಡುವು ಆಗ ಮಾತ್ರ.

ಕೆಸರುಗಾಲು

ಮುಳುಗಿದ ಊರಿನ ಪದ್ಯ ಅಂದಮೇಲೆ ಕನ್ನಂಬಾಡಿ ಹಿನ್ನೀರಿಗೇ ಹೋಗಬಹುದಲ್ಲ? ನೀರು ಇಳಿದಾಗ ಹಳೆ ಗೋಡೆ, ಮೆಟ್ಟಿಲು ಕಾಣ್ತವೆ.

ಊರುಬಾಗಿಲು (ಮಂಡ್ಯ)

ನವೆಂಬರಲ್ಲಿ ಎಲ್ಲಿ ಇಳಿದಿರ್ತದೆ ಸಾಮಿ? ಪೂರ್ಣ ಮಟ್ಟ 124.80 ಅಡಿ, ಮಳೆ ಚೆನ್ನಾಗಾದ ವರ್ಷ ಆ ಹೊತ್ತಿಗೆ ಹತ್ರತ್ರ ತುಂಬಿರ್ತದೆ. ನೀವು ಹೇಳೋದು ಮಳೆ ಕೈಕೊಟ್ಟ ಬೇಸಿಗೆ ಮಾತು. ನೀರಲ್ಲಿ ಮುಳುಗಿದ್ದ ಹಳೆ ವೇಣುಗೋಪಾಲಸ್ವಾಮಿ ಗುಡಿ ಹೊಸ ಕನ್ನಂಬಾಡಿಗೆ ಬಂದು ಮತ್ತೆ ಎದ್ದು ನಿಂತದೆ, ಅದು ಈಗ ಪಾಳೂ ಅಲ್ಲ.

ಹಿನ್ನೀರಿನ ನೆಲ ಬಿರುಕು ಬಿಟ್ಟು ಗಟ್ಟಿ ಕಂಡ್ರೂ ನಂಬಬೇಡಿ. ಮೇಲೆ ಹೆಪ್ಪು, ಕೆಳಗೆ ಕೆಸರು. ಬಿದಿರು ಗಳ ಚುಚ್ಚಿ ನೋಡಿ, ಒಂದು ಗೇಣಿಗಿಂತ ಹೆಚ್ಚು ಇಳಿದ್ರೆ ಮುಂದೆ ಕಾಲಿಡಬೇಡಿ. ಕ್ಯಾಮೆರಾ ಹೊತ್ತವರು ಹೂತುಕೊಂಡ್ರೆ ಎಳೆಯೋಕೆ ಹೋದವರೂ ಹೂತ್ಕೋತಾರೆ.

ಕಲಾಕೂಟ

ಅಲ್ಲದೆ ಮುಳುಗಡೆ ಪದ್ಯಕ್ಕೆ ಹಿನ್ನೀರು ಅಂದರೆ ಮತ್ತೆ ಅದೇ ಬೋರ್ಡು ಬರೆದ ಹಾಗೆ.

ಪ್ರಾಸಪಟ್ಟಿ

ಇಲ್ಲಿ ಎಲ್ಲರೂ ಮಾತ್ರೆ ಹಿಡಿದಿದ್ದೀರಿ, ಪ್ರಾಸ ಬಿಟ್ಟಿದ್ದೀರಿ. ಷಟ್ಪದಿಯ ಆರು ಸಾಲಿಗೂ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರುತ್ತಲ್ಲ, ಆ ಕೆಲಸವನ್ನ ಚಿತ್ರದಲ್ಲಿ ಯಾವುದು ಮಾಡುತ್ತೆ? ಇದಕ್ಕೆ ಉತ್ತರ ಕಂಡುಕೊಂಡರೆ ನಿಮ್ಮ ಆರು ಚಿತ್ರ ಒಂದು ಪದ್ಯ ಆಗುತ್ತೆ, ಇಲ್ಲದಿದ್ದರೆ ಆರು ಬಿಡಿ ಫೋಟೊ.

ನನ್ನ ಸಲಹೆ: ಒಂದು ಷಟ್ಪದಿ ಮುಗಿಯೋವರೆಗೆ ಟ್ರೈಪಾಡ್ ಕದಲಿಸಬೇಡಿ, ಲೆನ್ಸ್ 35ರಲ್ಲೇ ಇರಲಿ. ಚೌಕಟ್ಟಿನ ಎಡಗಡೆಯಿಂದ ಕಾಲು ಭಾಗದಲ್ಲಿ ಒಂದು ಬಿಂದು ಗೊತ್ತುಮಾಡಿ. ಪ್ರತಿ ಸಾಲಿನ ಶುರುವಿನಲ್ಲಿ, ಪ್ರಾಸಾಕ್ಷರ ಬರುವ ಆ ಮೊದಲ ಸೆಕೆಂಡಿನಲ್ಲಿ, ಅಭಿನಯಿಸುವವರ ಬಲಗೈ ಆ ಬಿಂದುವಿನಲ್ಲೇ ಇರಬೇಕು. ಅಲ್ಲಿಂದ ಸಾಲು ಎಲ್ಲಿಗೆ ಬೇಕಾದರೂ ಹೋಗಲಿ. ಆರು ಚಿತ್ರ ಪಕ್ಕಪಕ್ಕ ಇಟ್ಟಾಗ ಕೈ ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತೆ, ಮಿಕ್ಕಿದ್ದೆಲ್ಲ ಬೇರೆ. ಅದು ಪ್ರಾಸ. ದೊಡ್ಡ ಸಾಲು ಎರಡರಲ್ಲಿ ಚಲನೆಯೂ ಉದ್ದ ಇರಲಿ, ಚೌಕಟ್ಟಿನ ಆ ತುದಿಯವರೆಗೆ ನಡೆದುಹೋಗಲಿ. ಷಟ್ಪದಿಯಲ್ಲಿ ಮೂರನೇ ಸಾಲು ಕಣ್ಣಿಗೇ ಉದ್ದ ಕಾಣುತ್ತೆ, ಚಿತ್ರದಲ್ಲೂ ಕಾಣಬೇಕು.

ಗುರುತಿಗೆ ಕಲ್ಲಿನ ಮೇಲೆ ಸೀಮೆಸುಣ್ಣ, ಟೇಪು ಬೇಡ. ನೆಲದ ಮೇಲೆ ಒಂದು ಬೆಣಚುಕಲ್ಲು ಇಟ್ಟರೆ ಸಾಕು.

ರಂಗಮಂಚ4

ಇದು ನಿಜವಾಗಿ ಒಳ್ಳೆ ಮಾತು. ಅಭಿನಯದ ಕಡೆಯಿಂದ ಇದಕ್ಕೊಂದು ಸೇರಿಸ್ತೀನಿ. 8 ಸೆಕೆಂಡ್ ಶಟರ್ ತೆರೆದಿರುವಾಗ ಮೈ ಪೂರ್ತಿ ಓಡಾಡ್ತಾ ಇದ್ದರೆ ಏನೂ ಉಳಿಯಲ್ಲ, ಹೊಗೆ ಥರ ಒಂದು ಮಬ್ಬು. ಮುಖದ ಗುರುತು ಸಿಗಬೇಕಾದರೆ ಸುಮಾರು ಮೂರು ಸೆಕೆಂಡ್ ಅಲುಗಾಡದೆ ನಿಲ್ಲಬೇಕು, ಕಣ್ಣು ಮಿಟುಕಿಸಿದರೆ ಪರವಾಗಿಲ್ಲ, ಕತ್ತು ತಿರುಗಬಾರದು. ಉಸಿರು ಹಿಡಿಯೋದಲ್ಲ, ಸಣ್ಣಗೆ ಬಿಡೋದು. ಹಿಡಿದರೆ ಎರಡನೇ ಷಟ್ಪದಿಗೇ ಭುಜ ನಡುಗುತ್ತೆ. ಗಮಕಿ ಯಾವ ಪದದ ಮೇಲೆ ನಿಲ್ಲಿಸ್ತಾರೋ ಅಲ್ಲೇ ಮೈಯೂ ನಿಲ್ಲಲಿ. ಇದಕ್ಕೆ ಕನಿಷ್ಠ ಹತ್ತು ದಿನ ಮನೆಯಲ್ಲೇ ಅಭ್ಯಾಸ ಬೇಕು, ಧ್ವನಿಮುದ್ರಣ ಹಾಕಿಕೊಂಡು.

ಎಫ್‌ಎಂಟು

ಬಟ್ಟೆ ವಿಷಯವೂ ಇದಕ್ಕೇ ಸೇರಿದ್ದು. ದೀರ್ಘ ಎಕ್ಸ್‌ಪೋಶರಲ್ಲಿ ಬೆಳ್ಳಗಿರೋದು ಕಪ್ಪಿನ ಮೇಲೆ ಬರೆಯುತ್ತೆ, ಕಪ್ಪಗಿರೋದು ಬಿಳಿ ಮೇಲೆ ಬರೆಯಲ್ಲ. ಕತ್ತಲ ಮಂಟಪದೊಳಗೆ ಬಿಳಿ ಪಂಚೆ ಅಲೆ ಅಲೆಯಾಗಿ ಉಳಿಯುತ್ತೆ. ಅದೇ ಪಂಚೆ ಬಿಸಿಲು ಬಿದ್ದ ಸುಣ್ಣದ ಗೋಡೆ ಮುಂದೆ ಕರಗಿಹೋಗುತ್ತೆ. ಹಾಗಾಗಿ ಜಾಗ ಗೊತ್ತಾದ ಮೇಲೆ ಬಟ್ಟೆ ಬಣ್ಣ ಆರಿಸಿ, ಉಲ್ಟಾ ಅಲ್ಲ. ಬಿಳಿ ಬಟ್ಟೆಗೆ ಮೂರನೇ ಎರಡು ಸ್ಟಾಪ್ ಕಮ್ಮಿ ಕೊಡಿ. ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕಿನ ಹಂಚಿಕೆ ತೋರಿಸೋ ನಕ್ಷೆ) ಬಲಗೋಡೆಗೆ ಬಡಿದರೆ ನೆರಿಗೆಯೇ ಹೋಗಿಬಿಡುತ್ತೆ.

ಛಾಯಾಗ್ರಾಹಕಿ ಫ್ರಾನ್ಸೆಸ್ಕಾ ವುಡ್‌ಮನ್ 1970ರ ದಶಕದಲ್ಲಿ ಅಮೆರಿಕದ ಪ್ರಾವಿಡೆನ್ಸಿನಲ್ಲಿ, ಪಾಳುಮನೆಗಳ ಒಳಗೆ ತಾನೇ ನಿಂತು ತೆಗೆದ ಚಿತ್ರಗಳನ್ನ ನೋಡಿ. ಮೈ ಮಬ್ಬು, ಸುಲಿದ ಗೋಡೆ ಚೂಪು. ಗೋಡೆ ಉಳಿಯುತ್ತೆ, ಮನುಷ್ಯ ಹೋಗ್ತಿದ್ದಾನೆ ಅನ್ನೋದು ಶಟರಿನಲ್ಲೇ ಬಂದಿದೆ.

ಗಾರೆಗಚ್ಚು

ಬಟ್ಟೆಯನ್ನ ಕಂಬಕ್ಕೆ ಕಟ್ಟಬೇಡಿ, ಕೆತ್ತನೆ ಇರೋ ಕಂಬಕ್ಕಂತೂ ದಾರವೂ ಬೇಡ. ಗಾಳಿಗೆ ಐದು ಮೀಟರ್ ಬಟ್ಟೆ ಹಾಯಿಯಾಗಿ ಎಳೆಯುತ್ತೆ, ಸಡಿಲ ಇರೋ ತೊಲೆ ಕದಲಬಹುದು. ಸಹಾಯಕರು ಹಿಡಿದುಕೊಳ್ಳಲಿ. ಮೇಲುಕೋಟೆಯಲ್ಲಿ ಗಾಳಿ ಜಾಸ್ತಿ, ಅಂಚಿಗೆ ಮೀನಿನ ಗಾಳಕ್ಕೆ ಹಾಕೋ 20 ಗ್ರಾಮಿನ ಸೀಸದ ಗುಂಡುಗಳನ್ನ ಅರ್ಧ ಮೀಟರಿಗೊಂದು ಹೊಲಿಸಿದರೆ ಬಟ್ಟೆ ಇಳಿಬೀಳುತ್ತೆ, ಮುಖಕ್ಕೆ ಸುತ್ತಿಕೊಳ್ಳಲ್ಲ.

ಟ್ರೈಪಾಡ್ ಕಾಲಿಗೆ ರಬ್ಬರ್ ಇರಲಿ, ಮೊಳೆಕಾಲು ಬೇಡ. ಟ್ರೈಪಾಡ್ ಬೇಡ ಅಂತ ಹೇಳಿದ ಕಡೆ, ಒಂದು ಬಟ್ಟೆ ಚೀಲಕ್ಕೆ ಎರಡು ಕೆಜಿ ರಾಗಿ ತುಂಬಿ ಹೊಲಿದು ಅದರ ಮೇಲೆ ಕ್ಯಾಮೆರಾ ಕೂರಿಸಿ. ರಾಗಿ ಅಕ್ಕಿಗಿಂತ ಸಣ್ಣ ಕಾಳು, ಲೆನ್ಸಿನ ಸುತ್ತ ಚೆನ್ನಾಗಿ ಕೂರುತ್ತೆ.

ಮಣ್ಣಹಾದಿ

ರಾಗಿ ಚೀಲ ಒಳ್ಳೇ ಉಪಾಯ. ಡ್ರೋನಿಂದ ಮೇಲಿಂದ ಒಂದು ಚಿತ್ರ ಇದ್ರೆ?

ಜೇನ್ಬಂಡೆ (ಪಾಂಡವಪುರ)

ಮೇಲೆ ಬರ್ದಿದ್ದೀನಿ, ಓದಿ ಅಣ್ಣ. ಜೇನು.

ಪಹಣಿಪುಟ

2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು, ಹಳದಿ, ಕೆಂಪು ವಲಯಗಳಿವೆ, "ಡಿಜಿಟಲ್ ಸ್ಕೈ" ನಕ್ಷೆಯಲ್ಲಿ ನೋಡದೆ ಹಾರಿಸಬೇಡಿ. ವಲಯ ಹಸಿರಿದ್ದರೂ ಸ್ಮಾರಕದ ಅನುಮತಿ ಬೇರೆಯೇ.

ಬಾವಲಿಬಾಗಿಲು

ಯಾರೂ ಹೇಳದ ಒಂದು ವಿಷಯ: ಕತ್ತಲೆ ಕೋಣೆಗಳಲ್ಲಿ ಬಾವಲಿ ಹಿಕ್ಕೆ. ಒಣಗಿದ ಹಿಕ್ಕೆಯ ಧೂಳು ಎದ್ದರೆ ಶ್ವಾಸಕೋಶಕ್ಕೆ ಸೋಂಕು ತಗುಲಬಹುದು. ಬಟ್ಟೆ ನೆಲ ಗುಡಿಸೋ ಹಾಗೆ ಎಳೆಯೋ ಅಭಿನಯ ಅಲ್ಲಿ ಬೇಡ. ಒಳಗೆ ಹೋಗುವವರು ಎನ್95 ಹಾಕಿ. ಮರಿಗಳಿರೋ ಕಾಲದಲ್ಲಿ ದೀಪ ಬಿಟ್ಟರೆ ತಾಯಿ ಹಾರಿಹೋಗಿ ಮರಿ ಕೆಳಗೆ ಬೀಳುತ್ತೆ, ಬಾವಲಿ ಇದ್ದರೆ ಆ ಕೋಣೆ ಬಿಟ್ಟುಬಿಡಿ. ಕಲ್ಲುಗುಡ್ಡೆ ಇದ್ದ ಕಡೆ ಕೋಲಿನಿಂದ ನೆಲ ತಟ್ಟಿಕೊಂಡು ಹೋಗಿ, ಹಾವಿಗೆ ಸುಳಿವು ಕೊಟ್ಟರೆ ಅದೇ ಸರಿಯುತ್ತೆ.

ಗಮಕಗಂಧ

ಧ್ವನಿಯನ್ನೂ ಮುದ್ರಿಸಿಕೊಳ್ಳಿ, ಫೋಟೊ ಮಾತ್ರ ಸಾಕು ಅಂದರೂ. ಕಮಾನಿನ ಕೋಣೆಯಲ್ಲಿ ಪ್ರತಿಧ್ವನಿಗೆ ಒತ್ತಕ್ಷರ, ಮಹಾಪ್ರಾಣ ಎರಡೂ ಕರಗಿಹೋಗುತ್ತವೆ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ, ಗಾಳಿಗೆ ತುಪ್ಪಳದ ಕವಚ. ಗಮಕಿ ಚೌಕಟ್ಟಿನ ಹೊರಗೆ, ಅಭಿನಯಿಸುವವರ ಕಿವಿಗೆ ನೇರ ಕೇಳೋ ಕಡೆ ಕೂರಲಿ. ಸ್ಪೀಕರ್ ಬೇಡ.

ಓದುಗೂಡು

ಸ್ವಂತ ಪದ್ಯ ಅಲ್ಲದೆ ಬೇರೆ ಕವಿಗಳದ್ದು ತಗೊಂಡರೆ ಹಕ್ಕಿನ ಸಮಸ್ಯೆ ಬರುತ್ತಾ? ಮೇಲುಕೋಟೆ ಅಂದರೆ ಪು.ತಿ.ನ. ನೆನಪಾಗೇ ಆಗ್ತಾರೆ.

ಪಹಣಿಪುಟ

ಬರುತ್ತೆ. ಕವಿ ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಪು.ತಿ.ನ. ಹೋಗಿದ್ದು 1998ರಲ್ಲಿ, ಅಂದರೆ 2058ರ ಕೊನೆವರೆಗೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 2003, ಹಾಗಾಗಿ 2063ರ ಕೊನೆವರೆಗೆ. ವಾರಸುದಾರರಿಂದ ಬರಹದಲ್ಲಿ ಒಪ್ಪಿಗೆ ಬೇಕು. ವಚನ, ಹಳೆಯ ಷಟ್ಪದಿ ಕಾವ್ಯಗಳಿಗೆ ಈ ತೊಡಕಿಲ್ಲ.

ಮಣ್ಣಹಾದಿ

ಮೇಲುಕೋಟೆಗೆ ಹೋದರೆ ಪುಳಿಯೋಗರೆ ತಿಂದೇ ಬೆಟ್ಟ ಹತ್ತಿ. ಮಧ್ಯಾಹ್ನ ಮೇಲೆ ಹೋದರೆ ಖಾಲಿ ಆಗಿರಬಹುದು.

ಊರುಬಾಗಿಲು (ಮಂಡ್ಯ)

ಅದು ನಿಜ. ಮೈಸೂರಿಂದ ಹೋಗೋರು ಪಾಂಡವಪುರ, ಜಕ್ಕನಹಳ್ಳಿ ಮೇಲೆ ಹೋಗಿ. ವೈರಮುಡಿ ಉತ್ಸವದ ಟೈಮಲ್ಲಿ ಮಾತ್ರ ಈ ಥರ ಕೆಲಸಕ್ಕೆ ಹೋಗಬೇಡಿ, ಕಾಲಿಡೋಕೂ ಜಾಗ ಇರಲ್ಲ.

ಸುಣ್ಣದಕಲ್ಲು

ಕೊನೆಗೆ ಏನು ಕೃತಿ, ಅಭಿನಯವಾ ಫೋಟೊವಾ? ಯಾರೂ ನೋಡದ ಅಭಿನಯವನ್ನ ಅಭಿನಯ ಅಂತ ಕರೀಬಹುದಾ?

ಕಲಾಕೂಟ

ಕರೀಬಹುದು, ಅದಕ್ಕೊಂದು ದಾರಿ ಆಗಲೇ ಇದೆ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು 1990ರ ದಶಕದಿಂದ ಮಾಡ್ತಿರೋದನ್ನ ಫೋಟೊ-ಪರ್ಫಾರ್ಮೆನ್ಸ್ ಅಂತಾರೆ, ಕ್ಯಾಮೆರಾ ಮುಂದೆ ಕ್ಯಾಮೆರಾಕ್ಕಾಗೇ ಮಾಡೋ ಅಭಿನಯ. ಅಲ್ಲಿ ಫೋಟೊ ದಾಖಲೆ ಅಲ್ಲ, ಅದೇ ರಂಗ. ಇವರದ್ದು ಎರಡರ ನಡುವೆ ಇದೆ, ಯಾಕಂದರೆ ಗಮಕಿಯ ಉಸಿರು ಶಟರನ್ನ ನಡೆಸುತ್ತೆ. ಫೋಟೊಗಾಗಿ ಗಮಕಿ ನಿಂತು ಕಾಯೋ ಹಾಗಿಲ್ಲ. ಒಂದು ಸಾಲು ತಪ್ಪಿದರೆ ಆ ಚಿತ್ರ ಇಲ್ಲ ಅಂತಲೇ ಬಿಡಬೇಕು, ಮತ್ತೆ ತೆಗೀಬಾರದು. ಆ ಶಿಸ್ತು ಇದ್ದರೆ ಅದು ಅಭಿನಯ.

ರಂಗಮಂಚ4

ತಪ್ಪಿದ ಸಾಲಿನ ಜಾಗ ಖಾಲಿ ಬಿಡಿ ಅಂತೀರಾ?

ಕಲಾಕೂಟ

ಹೌದು. ಗೋಡೆ ಮೇಲೆ ಆರರ ಸಾಲಿನಲ್ಲಿ ಆ ಜಾಗ ಖಾಲಿ ಇರಲಿ. ಮತ್ತೆ ಪದ್ಯವನ್ನ ಚಿತ್ರದ ಕೆಳಗೆ ಅಡಿಬರಹದ ಥರ ಹಾಕಬೇಡಿ, ನೋಡೋರು ಓದಿ ಚಿತ್ರ ಬಿಟ್ಟು ಮುಂದೆ ಹೋಗ್ತಾರೆ. ಬೇರೆ ಹಾಳೆಯಲ್ಲಿ ಅಚ್ಚು ಮಾಡಿ ಕೈಗೆ ಕೊಡಿ.

ಬಯಲುದನಿ (ಮೈಸೂರು)

ಎಲ್ಲರಿಗೂ ತುಂಬಾ ಧನ್ಯವಾದ. ಅರಿಶಿನ, ಹಣತೆ, ಹೊಗೆ, ಎಲ್‌ಇಡಿ ನಾಲ್ಕೂ ಬಿಟ್ಟೆವು, ಬಟ್ಟೆ ಮಾತ್ರ. ಗದ್ದೆ ಮಂಟಪದ ಪಹಣಿ ನೋಡಿದೆವು, 9ನೇ ಕಾಲಂನಲ್ಲಿ ಒಂದು ಕುಟುಂಬದ ಹೆಸರಿದೆ, ಊರಿನ ಯಜಮಾನರನ್ನ ಜೊತೆಗೆ ಕರ್ಕೊಂಡು ಹೋಗಿ ಕೇಳ್ತೀವಿ. ರಾಜ್ಯದ ಪಟ್ಟಿಯನ್ನೂ ಇಲಾಖೆಯಲ್ಲಿ ವಿಚಾರಿಸ್ತೀವಿ. ಸಾಲಿಗೊಂದು ಚಿತ್ರ, ಬಲ್ಬ್ ಮೋಡ್, ಪ್ರಾಸಕ್ಕೆ ಬಲಗೈ. ತಪ್ಪಿದ ಸಾಲು ಖಾಲಿ.

ಒಂದೇ ಅನುಮಾನ ಉಳಿದಿದೆ. ಷಟ್ಪದಿ ಮುಗಿದು ಇನ್ನೊಂದು ಶುರುವಾಗೋ ನಡುವೆ ಬೆಳಕು ಬಿದ್ದಿರುತ್ತೆ, ಫಿಲ್ಟರ್ ಹಾಕಿದ್ದಾಗ ಮೀಟರ್ ನೋಡೋದು ಹೇಗೆ?

ಎಫ್‌ಎಂಟು

ಫಿಲ್ಟರ್ ಬಿಚ್ಚಬೇಡಿ, ಫೋಕಸ್ ಕದಲುತ್ತೆ. ಸಹಾಯಕರೊಬ್ಬರ ಕೈಗೆ ಇನ್ನೊಂದು ಕ್ಯಾಮೆರಾ ಕೊಡಿ, ಹಳೇದಾದರೂ ಆಗುತ್ತೆ. ಐಎಸ್‌ಒ 100, ಎಫ್/11ಕ್ಕೆ ಇಟ್ಟು, ಅಭಿನಯ ನಡೆಯೋ ಜಾಗದ ಕಲ್ಲಿಗೇ ಸ್ಪಾಟ್ ಮೀಟರ್ (ಒಂದು ಚುಕ್ಕೆಯಷ್ಟು ಜಾಗದ ಬೆಳಕು ಅಳೆಯೋದು) ಹಿಡಿದು ಓದಲಿ. ಮೊದಲೇ ಮಧ್ಯಾಹ್ನ ಎರಡೂ ಕ್ಯಾಮೆರಾ ಒಂದೇ ಕಲ್ಲಿಗೆ ಹಿಡಿದು ವ್ಯತ್ಯಾಸ ನೋಡಿಕೊಂಡಿರಿ. ಎರಡನೇ ಕ್ಯಾಮೆರಾ 1/8 ಅಂದರೆ ಎಫ್/11ರಲ್ಲೇ ಮುಂದುವರಿಯಿರಿ. 1/4 ಅಂದರೆ ಎಫ್/8, ಅರ್ಧ ಸೆಕೆಂಡ್ ಅಂದರೆ ಎಫ್/5.6. ಅದಕ್ಕಿಂತ ಕೆಳಗೆ ಇಳಿದರೆ ಹಿಂದಿನ ಕಂಬಗಳ ಚೂಪು ಹೋಗುತ್ತೆ, ಅಲ್ಲಿಗೆ ಆ ದಿನ ನಿಲ್ಲಿಸಿ, ಉಳಿದ ಷಟ್ಪದಿ ಮಾರನೇ ದಿನ ಅದೇ 4:45ಕ್ಕೆ.